ಜಮೀನಿನ ಜೊತೆ ನೀರು ಬರುವುದಿಲ್ಲ, ಬಿಲ್ಲು ಬರುತ್ತದೆ: ವಿಕ್ಟೋರಿಯಾದಲ್ಲಿ ತೋಟ ಕೊಳ್ಳುವವರಿಗೆ

ಆಸ್ಟ್ರೇಲಿಯಾದ ಉತ್ತರ ವಿಕ್ಟೋರಿಯಾದಲ್ಲಿರುವ ಶೆಪ್ಪರ್ಟನ್ ಸುತ್ತಮುತ್ತ ಜಮೀನು ನೋಡಲು ಹೋಗುವ ಮೆಲ್ಬರ್ನ್ ಕನ್ನಡಿಗರು ಮಣ್ಣು ನೋಡುತ್ತಾರೆ, ಬೇಲಿ ನೋಡುತ್ತಾರೆ, ಪಕ್ಕದಲ್ಲೇ ಕಾಲುವೆ ಇರುವುದನ್ನು ಕಂಡು ನೀರಿನ ಚಿಂತೆ ಬಿಡುತ್ತಾರೆ. ಮಂಡ್ಯದ ವಿ.ಸಿ. ನಾಲೆ ಅಚ್ಚುಕಟ್ಟಿನಲ್ಲಾದರೆ ಅದು ಸರಿ, ಸರದಿಯ ನೀರು ಜಮೀನಿಗೇ ಸೇರಿದ್ದು. ಉತ್ತರ ವಿಕ್ಟೋರಿಯಾದಲ್ಲಿ 2007ರ ಜುಲೈ 1ರಿಂದ ನೀರು ಬೇರೆ, ನೆಲ ಬೇರೆ. ಹಿಂದಿನ ಒಂದೇ ಹಕ್ಕನ್ನು ಮೂರಾಗಿ ಒಡೆದಿದ್ದಾರೆ: ವಾಟರ್ ಶೇರ್, ಡೆಲಿವರಿ ಶೇರ್, ವಾಟರ್ ಯೂಸ್ ಲೈಸೆನ್ಸ್ (ಆ ಜಮೀನಿಗೆ ನೀರು ಹಾಯಿಸುವ ಪರವಾನಗಿ).

ವಾಟರ್ ಶೇರ್ ಎಂದರೆ ಜಲಾಶಯದ ನೀರಿನಲ್ಲಿ ನಿಮ್ಮ ಕಾಯಂ ಪಾಲು. ಜಮೀನು ಇಲ್ಲದವರೂ ಕೊಳ್ಳಬಹುದು, ಜಮೀನು ಮಾರುವವರು ತಮ್ಮಲ್ಲೇ ಉಳಿಸಿಕೊಳ್ಳಬಹುದು. ಆ ಪಾಲಿಗೆ ಈ ವರ್ಷ ಎಷ್ಟು ನೀರು ಎಂಬುದನ್ನು ಜುಲೈಯಿಂದ ಹಂತ ಹಂತವಾಗಿ ಶೇಕಡಾವಾರು ಘೋಷಿಸುತ್ತಾರೆ. 100 ಮೆಗಾಲೀಟರ್ ಶೇರಿಗೆ ಶೇ. 40 ಘೋಷಣೆಯಾದರೆ ನಿಮ್ಮ ನೀರಿನ ಖಾತೆಗೆ 40 ಮೆಗಾಲೀಟರ್ ಜಮಾ. ಇದೇ ಅಲೊಕೇಷನ್. ಒಂದು ಮೆಗಾಲೀಟರ್ ಎಂದರೆ 10 ಲಕ್ಷ ಲೀಟರ್, ಒಂದು ಎಕರೆಯಲ್ಲಿ ಹತ್ತಿರ ಹತ್ತಿರ 10 ಅಂಗುಲ ನೀರು ನಿಲ್ಲಿಸಿದಷ್ಟು. ಶೇರಿನಲ್ಲಿ ಹೈ ರಿಲಯಬಿಲಿಟಿ (ಮೊದಲು ನೀರು ಸಿಗುವುದು), ಲೋ ರಿಲಯಬಿಲಿಟಿ (ಹೈ ಶೇರಿನವರ ನಂತರ ಸಿಗುವುದು) ಎಂದು ಎರಡು ಬಗೆ. ಶೆಪ್ಪರ್ಟನ್ ಇರುವ ಗೌಲ್ಬರ್ನ್ ನದಿಯ ಕಡೆ ಲೋ ಶೇರಿಗೆ ಹನಿ ನೀರೂ ಸಿಗದ ವರ್ಷಗಳೇ ಹೆಚ್ಚು. ಅಗ್ಗ ಎಂದು ಅದನ್ನು ಕೊಳ್ಳಬೇಡಿ.

ಜನ ದುಡ್ಡು ಕಳೆದುಕೊಳ್ಳುವುದು ಡೆಲಿವರಿ ಶೇರಿನಲ್ಲಿ. ಇದು ನೀರಲ್ಲ, ಕಾಲುವೆಯಲ್ಲಿ ದಿನಕ್ಕೆ ಇಷ್ಟು ಮೆಗಾಲೀಟರ್ ಹರಿಸಿಕೊಳ್ಳುವ ಹಕ್ಕು. ವಾಟರ್ ಶೇರಿನಂತಲ್ಲದೆ ಇದು ಜಮೀನಿಗೆ ಅಂಟಿಕೊಂಡಿರುತ್ತದೆ ಮತ್ತು ಜಮೀನಿನ ಜೊತೆಗೇ ನಿಮ್ಮ ಹೆಸರಿಗೆ ಬರುತ್ತದೆ. ಕಾಲುವೆ, ತೂಬು, ಮೀಟರುಗಳ ನಿರ್ವಹಣೆಯ ಖರ್ಚನ್ನು ಇದರ ಮೇಲೆ ಹಾಕುವುದರಿಂದ, ನೀವು ಒಂದು ಹನಿ ಬಳಸದಿದ್ದರೂ ವರ್ಷ ವರ್ಷ ಶುಲ್ಕ ಕಟ್ಟಲೇಬೇಕು. ವಾಟರ್ ಶೇರನ್ನು ಎಂದೋ ಮಾರಿಕೊಂಡ ಹಳೆಯ ಡೈರಿ ಜಮೀನುಗಳು ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ. ನೀರು ಹೋಗಿದೆ, ಶುಲ್ಕ ಉಳಿದಿದೆ.

ಬೇಡ ಎಂದು ಬಿಟ್ಟುಬಿಡುವುದೂ ಸುಲಭವಲ್ಲ. ಡೆಲಿವರಿ ಶೇರ್ ರದ್ದು ಮಾಡಿಸಲು ವಾರ್ಷಿಕ ಶುಲ್ಕದ ಹತ್ತು ಪಟ್ಟಿನವರೆಗೆ ಕಟ್ಟಬೇಕಾಗುತ್ತದೆ. ಉದಾಹರಣೆಗೆ, ವರ್ಷಕ್ಕೆ 4,000 ಡಾಲರ್ ಬರುತ್ತಿದ್ದರೆ ಬಿಡಿಸಿಕೊಳ್ಳಲು 40,000 ಡಾಲರ್ ತನಕ. ಬೇರೆಯವರಿಗೆ ವರ್ಗಾಯಿಸಬಹುದು, ಆದರೆ ಅವರ ಕಾಲುವೆಯಲ್ಲಿ ಅಷ್ಟು ಹರಿವಿಗೆ ಜಾಗ ಇರಬೇಕು, ಅವರಿಗೂ ಅದು ಬೇಕಿರಬೇಕು. ಹಾಗಂತ ಇದು ಬರೀ ಹೊರೆಯಲ್ಲ. ಜನವರಿಯ ಸೆಕೆಯಲ್ಲಿ ಎಲ್ಲರೂ ಒಟ್ಟಿಗೆ ನೀರು ಕೇಳಿದಾಗ ಕಾಲುವೆಯ ಹರಿವನ್ನು ಡೆಲಿವರಿ ಶೇರಿನ ಪ್ರಕಾರವೇ ಹಂಚುತ್ತಾರೆ. ನಿಮ್ಮ ಬೆಳೆಗೆ ಬೇಕಾದಷ್ಟಿದ್ದರೆ ಅದು ಆಸ್ತಿ, ಅದಕ್ಕಿಂತ ಹೆಚ್ಚಿದ್ದರೆ ಸಾಲ.

ಆದ್ದರಿಂದ ಸಹಿಗೆ ಮೊದಲು ಸೆಕ್ಷನ್ 32 ಹೇಳಿಕೆಯನ್ನು (ಜಮೀನಿನ ಬಗ್ಗೆ ಮಾರುವವರು ಕೊಡಬೇಕಾದ ವಿವರಪತ್ರ) ತರಿಸಿ ಓದಿ. ಡೆಲಿವರಿ ಶೇರ್ ದಿನಕ್ಕೆ ಎಷ್ಟು ಮೆಗಾಲೀಟರ್, ಕಳೆದ ವರ್ಷದ ಬಿಲ್ಲು ಎಷ್ಟು, ವಾಟರ್ ಶೇರ್ ಮಾರಾಟದಲ್ಲಿ ಸೇರಿದೆಯೇ, ಲೈಸೆನ್ಸಿನಲ್ಲಿ ವರ್ಷಕ್ಕೆ ಎಷ್ಟು ನೀರು ಹಾಯಿಸಲು ಮಿತಿ ಇದೆ ಎಂಬುದನ್ನು ಬರಹದಲ್ಲೇ ಕೇಳಿ. ನಗರದಲ್ಲಿ ಮನೆ ನೋಂದಣಿ ಮಾಡಿಸಿಕೊಟ್ಟ ವಕೀಲರನ್ನೇ ಇದಕ್ಕೂ ಹಿಡಿಯಬೇಡಿ. ನೀರಾವರಿ ಜಮೀನಿನ ವ್ಯವಹಾರ ಗೊತ್ತಿರುವ ಆ ಭಾಗದ ವಕೀಲರೇ ಬೇಕು. ತಾತ್ಕಾಲಿಕ ವೀಸಾದಲ್ಲಿದ್ದವರು ನೀರಿನ ಹಕ್ಕು ಕೊಂಡರೆ 30 ದಿನಗಳೊಳಗೆ ತೆರಿಗೆ ಇಲಾಖೆಗೆ ತಿಳಿಸಬೇಕು.

ವಾಟರ್ ಶೇರ್ ಇಲ್ಲದವರು ಬೇರೆಯವರ ಅಲೊಕೇಷನ್ ಕೊಂಡು ಬೆಳೆ ತೆಗೆಯಬಹುದು. ಆದರೆ ನೀರು ಖಾತೆಗೆ ಜಮಾ ಆದ ಮೇಲೆಯೇ ಪಂಪ್ ಹಾಕಿ. ಅರ್ಜಿ ಹಾಕಿದ್ದೇನೆ ಎಂಬುದು ಲೆಕ್ಕಕ್ಕಿಲ್ಲ, ಖಾತೆ ಮೈನಸ್ ಆದರೆ ಅಪರಾಧ. ಎಲ್ಲಿಂದ ಬೇಕಾದರೂ ಕೊಳ್ಳಲಾಗದು. ಬಾರ್ಮಾ ಬಳಿ ಮರ್ರಿ ನದಿ ಕಿರಿದಾಗುವುದರಿಂದ ಅದರ ಮೇಲ್ಭಾಗದ ನೀರನ್ನು ಕೆಳಭಾಗಕ್ಕೆ ಮಾರಲು ನಿರ್ಬಂಧವಿದೆ, ಗೌಲ್ಬರ್ನ್‌ನಿಂದ ಮರ್ರಿಗೂ ಮಿತಿಯಿದೆ. ಜೂನ್ 30ಕ್ಕೆ ಖಾತೆಯಲ್ಲಿ ಉಳಿದ ನೀರನ್ನು ಮುಂದಿನ ವರ್ಷಕ್ಕೆ ಒಯ್ಯಲು ವಾಟರ್ ಶೇರ್ ಇರಲೇಬೇಕು. ಇಲ್ಲದಿದ್ದರೆ ಕೊಂಡ ನೀರು ಅಂದೇ ಮುಗಿಯಿತು. ಶೇರ್ ಇದ್ದರೂ ಆವಿಯ ಲೆಕ್ಕಕ್ಕೆ ಶೇ. 5 ಕಳೆಯುತ್ತಾರೆ.

ಅಳತೆಯ ವಿಷಯದಲ್ಲಿ ಈ ವ್ಯವಸ್ಥೆ ನಮ್ಮದಕ್ಕಿಂತ ಎಷ್ಟೋ ಮೇಲು. ಬಹುತೇಕ ತೂಬುಗಳಿಗೆ ಮೀಟರ್, ಪ್ರತಿ ಪಾಲಿಗೂ ದಾಖಲೆ. ನಮ್ಮ ನಾಲೆಗಳ ಕೊನೆಭಾಗದ ರೈತರಿಗೆ ಇಷ್ಟಿದ್ದರೂ ಸಾಕಿತ್ತು. ಆದರೆ ಬರಗಾಲದಲ್ಲಿ ನಮ್ಮ ಕೆರೆಯ ನೀರುಗಂಟಿ ಇದ್ದ ನೀರನ್ನು ಎಲ್ಲರ ಗದ್ದೆಗೂ ಹಂಚುತ್ತಿದ್ದ. ಇಲ್ಲಿ ಕೊರತೆ ಬಿದ್ದಾಗ ನೀರು ಹೆಚ್ಚು ಬೆಲೆ ಕೊಡುವವನ ಕಡೆ ಹೋಗುತ್ತದೆ. 2019ರ ಕೊನೆಗೆ ಮೆಗಾಲೀಟರಿಗೆ 700 ಡಾಲರ್ ದಾಟಿದ ಅಲೊಕೇಷನ್, ಮಳೆ ಹಿಡಿದ 2022ರಲ್ಲಿ 100ಕ್ಕಿಂತ ಕೆಳಗಿತ್ತು. ಬೆಲೆ ಏರಿದಾಗ ಡೈರಿಯವರು ಹಸುಗಳನ್ನು ಮಾರಿದರು, ಬಾದಾಮಿ ತೋಟದವರು ನೀರು ಕೊಂಡರು.

ಅಗ್ಗದ ವರ್ಷದ ಬೆಲೆ ನೋಡಿ ಮರ ನೆಡುವವರಿಗೆ ಈ ಎರಡು ಅಂಕಿ ನೆನಪಿರಲಿ. ಬೆಳೆದ ಬಾದಾಮಿಗೆ ಹೆಕ್ಟೇರಿಗೆ ವರ್ಷಕ್ಕೆ 12ರಿಂದ 14 ಮೆಗಾಲೀಟರ್ ಬೇಕು. ಐದು ಹೆಕ್ಟೇರಿಗೆ 60 ಎಂದಿಟ್ಟುಕೊಂಡರೂ, 700ರ ದರದಲ್ಲಿ ನೀರಿಗೇ 42,000 ಡಾಲರ್. ತರಕಾರಿಯಾದರೆ ಆ ವರ್ಷ ಬಿತ್ತದೆ ಬಿಡಬಹುದು, ಮರವನ್ನು ಒಣಗಲು ಬಿಡಲಾಗದು. ಮರ ಜೀವ ಹಿಡಿದುಕೊಳ್ಳಲು ಬೇಕಾದಷ್ಟಾದರೂ ಹೈ ರಿಲಯಬಿಲಿಟಿ ಶೇರ್ ಸ್ವಂತಕ್ಕೆ ಇಟ್ಟುಕೊಂಡು, ಇಳುವರಿಗೆ ಬೇಕಾದ ಉಳಿದದ್ದನ್ನು ಮಾರುಕಟ್ಟೆಯಲ್ಲಿ ಕೊಳ್ಳಿ.