ಲಿನಕ್ಸ್ ಹಾಕಿ ಆಯ್ತು, ವೈಫೈ ಬರ್ತಿಲ್ಲ: ಎಲ್ಲಿಂದ ಶುರು ಮಾಡಬೇಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅಲ್ಲಿಂದೀಚೆಗೆ ಶಿರಸಿ, ಯಲ್ಲಾಪುರ ಕಡೆಯಿಂದ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್‌ನ ಮಿಂಟೋ ಉಬುಂಟೋ ಹಾಕಿಕೊಂಡು, "ಎಲ್ಲ ಸರಿ ಇದೆ ಮಾರಾಯ್ರೆ, ವೈಫೈ ಒಂದು ಬರ್ತಿಲ್ಲ" ಅಂತ ನನ್ನನ್ನು ಕೇಳುವವರು ಜಾಸ್ತಿ ಆಗಿದ್ದಾರೆ. ಒಳ್ಳೇ ಯಂತ್ರವನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಲು ಹೊರಟವರು ಇದೊಂದು ತೊಡಕಿಗೆ ಸೋತು ವಾಪಸ್ ಹೋಗಬಾರದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿಗೆ ಹೋಗಿ ಡ್ರೈವರ್ (ಯಂತ್ರದ ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶ) ಹುಡುಕಬೇಡಿ. ಅದು ವಿಂಡೋಸಿನ ರೂಢಿ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರುಗಳು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಜೊತೆಗೇ ಬಂದಿರುತ್ತವೆ. ಆದರೂ ಕೆಲಸ ಮಾಡದಿದ್ದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ: ಚಿಪ್ಪಿಗೆ ಬೇಕಾದ ಫರ್ಮ್‌ವೇರ್ (ಚಿಪ್ಪಿನ ಒಳಗೇ ಓಡುವ ತಂತ್ರಾಂಶ) ಫೈಲ್ ಇಲ್ಲ, ಅಥವಾ ಡ್ರೈವರ್ ಮುಕ್ತ ತಂತ್ರಾಂಶ ಅಲ್ಲದ್ದರಿಂದ ನೀವೇ ಬೇರೆ ಹಾಕಬೇಕು, ಇಲ್ಲವೇ ಯಂತ್ರ ತೀರಾ ಹೊಸದು, ಕರ್ನಲ್ ಹಳೆಯದು. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ ಮೊದಲು ಒಳಗಿರುವ ಚಿಪ್ ಯಾವುದು ಅಂತ ನೋಡಬೇಕು. ಲ್ಯಾಪ್‌ಟಾಪಿನ ಮಾಡೆಲ್ ಹೆಸರು ನಂಬಬೇಡಿ. ಒಂದೇ ಮಾಡೆಲಿನಲ್ಲಿ ಒಂದಕ್ಕೆ ಇಂಟೆಲ್ ಕಾರ್ಡು, ಇನ್ನೊಂದಕ್ಕೆ ರಿಯಲ್‌ಟೆಕ್ ಇರುತ್ತದೆ.

ಅದಕ್ಕೂ ಮೊದಲು ಇಂಟರ್ನೆಟ್ ಬೇಕಲ್ವಾ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಅಂತಲೇ ತಗೊಳ್ಳುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ತೋಟದ ಮನೆಗಳಲ್ಲಿ ಫೈಬರ್ ವೈಫೈ ಇರುತ್ತದೆ, ಮೊಬೈಲ್ ಸಿಗ್ನಲ್ ಮಾತ್ರ ಇರುವುದಿಲ್ಲ. ಅಂಥವರೂ ಇದನ್ನೇ ಮಾಡಿ. ಫೋನನ್ನು ಮನೆ ವೈಫೈಗೆ ಸೇರಿಸಿ ಟೆದರಿಂಗ್ ಆನ್ ಮಾಡಿದರೆ ಸುಮಾರು ಫೋನುಗಳು ಆ ವೈಫೈಯನ್ನೇ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ದಾಟಿಸುತ್ತವೆ. ಟೆದರಿಂಗ್ ಆನ್ ಮಾಡಲು ಬಿಡದಿದ್ದರೆ ಕೇಬಲ್ ಬದಲಿಸಿ ನೋಡಿ, ಕೆಲವು ಕೇಬಲ್ಲುಗಳು ಬರೀ ಚಾರ್ಜಿಗೆ ಮಾತ್ರ.

ಈಗ ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆಗೆಯಿರಿ. ಕಮಾಂಡುಗಳನ್ನು ಇಲ್ಲಿ ಅಕ್ಷರದ ಹೆಸರಿನಲ್ಲಿ, ಕೆಲವು ಪದಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ನೀವು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೆಯಿರಿ.

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಅನ್ನುವ ಸಾಲು ಹುಡುಕಿ. ಸಾಲಿನ ಕೊನೆಯ ಕಡೆ ಚೌಕ ಕಂಸದಲ್ಲಿ ನಡುವೆ ಕೋಲನ್ ಇರುವ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಕಂಪನಿ, ಎರಡನೆಯದು ಚಿಪ್. 8086 ಅಂದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 10ಡಿಇ ಎನ್‌ವಿಡಿಯಾ (ಇದು ಕಾಣುವುದು ಗ್ರಾಫಿಕ್ಸ್ ಕಾರ್ಡಿನ ಸಾಲಿನಲ್ಲಿ). ಗೂಗಲ್‌ನಲ್ಲಿ ಹುಡುಕುವುದಾದರೆ ಈ ಜೋಡಿಯನ್ನೇ ಹಾಕಿ ಹುಡುಕಿ, ಸರಿಯಾದ ಉತ್ತರ ಬೇಗ ಸಿಗುತ್ತದೆ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅಂತ ಸಾಲು ಇದ್ದರೆ ಡ್ರೈವರ್ ಕೂತಿದೆ, ತೊಂದರೆ ಬೇರೆ ಕಡೆ ಇದೆ. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಕೂತಿಲ್ಲ. ಯುಎಸ್‌ಬಿ ಡಾಂಗಲ್ (ಹೊರಗಿನಿಂದ ಚುಚ್ಚುವ ವೈಫೈ ಕಡ್ಡಿ) ಆದರೆ ಎಲ್‌ಎಸ್‌ಯುಎಸ್‌ಬಿ ಅಂತ ಹೊಡೆಯಿರಿ, ಅಲ್ಲೂ ಇದೇ ರೀತಿ ಜೋಡಿ ಸಂಖ್ಯೆ.

ಕಾರ್ಡು ಪಟ್ಟಿಯಲ್ಲೇ ಕಾಣದಿದ್ದರೆ ಡ್ರೈವರ್ ಹುಡುಕುತ್ತ ಸುಮ್ನೆ ಸಮಯ ಕಳೆಯಬೇಡಿ. ಬಯಾಸ್‌ನಲ್ಲಿ (ಯಂತ್ರ ಆನ್ ಆದ ಕೂಡಲೇ ತೆಗೆಯಬಹುದಾದ ಮೂಲ ಸೆಟ್ಟಿಂಗ್) ವೈಫೈ ಬಂದ್ ಆಗಿದೆಯಾ ನೋಡಿ. ಅಲ್ಲೂ ಸರಿ ಇದ್ದರೆ ಬ್ಯಾಟರಿ ಸಂಪರ್ಕ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಕಾರ್ಡನ್ನು ಒಮ್ಮೆ ಕಳಚಿ ಮತ್ತೆ ಕೂರಿಸಿ. ಕಾರವಾರ, ಅಂಕೋಲಾದಂಥ ಕಡಲ ದಂಡೆಯ ಊರಿನಲ್ಲಿ ಇದನ್ನು ಮರೆಯಲೇಬೇಡಿ. ಉಪ್ಪು ಗಾಳಿಗೆ ಕಾರ್ಡಿನ ಹಲ್ಲುಗಳು ಕಪ್ಪಾಗುತ್ತವೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಡ್ರೈವರ್ ಇದ್ದೂ ನೆಟ್‌ವರ್ಕ್ ಕಾಣದಿದ್ದರೆ ಎರಡು ಕಡೆ ನೋಡಬೇಕು. ಒಂದು, ಆರ್‌ಎಫ್‌ಕಿಲ್ ಲಿಸ್ಟ್. 'ಹಾರ್ಡ್ ಬ್ಲಾಕ್ಡ್: ಯೆಸ್' ಅಂತ ಬಂದರೆ ಕೀಬೋರ್ಡಿನ ವಿಮಾನದ ಗುರುತಿನ ಕೀಲಿ ಅಥವಾ ಪಕ್ಕದ ಸ್ವಿಚ್ ಒತ್ತಿ, 'ಸಾಫ್ಟ್' ಆದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್ ಸಾಕು. ಇನ್ನೊಂದು, ಸುಡೊ ಡಿಎಂಇಎಸ್‌ಜಿ. ಇದು ಯಂತ್ರ ಏಳುವಾಗ ಕರ್ನಲ್ ಬರೆದಿಟ್ಟ ದಿನಚರಿ. ಅದರಲ್ಲಿ ಫರ್ಮ್‌ವೇರ್ ಅನ್ನುವ ಪದ ಹುಡುಕಿ. 'ಫೇಲ್ಡ್ ವಿತ್ ಎರರ್ -2' ಅಂತ ಇದ್ದರೆ ಆ ಫೈಲೇ ಅಲ್ಲಿಲ್ಲ ಅಂತ ಅರ್ಥ, ಯಾವ ಫೈಲ್ ಬೇಕು ಅನ್ನುವ ಹೆಸರೂ ಅದೇ ಸಾಲಿನಲ್ಲಿರುತ್ತದೆ. ಉಬುಂಟು, ಮಿಂಟ್‌ನಲ್ಲಿ ಫರ್ಮ್‌ವೇರ್ ಮೊದಲೇ ಇರುತ್ತದೆ. ಲಿನಕ್ಸ್‌ನ ಇನ್ನೊಂದು ಬಗೆಯಾದ ಡೆಬಿಯನ್‌ನಲ್ಲಿ 2023ರಲ್ಲಿ ಬಂದ 12ನೇ ಆವೃತ್ತಿಯಿಂದ ಇನ್‌ಸ್ಟಾಲರ್ ಒಳಗೇ ಸೇರಿಸಿದ್ದಾರೆ. ಹಳೇ ಡೆಬಿಯನ್ ಡಿಸ್ಕ್ ಇಟ್ಟುಕೊಂಡು ಒದ್ದಾಡುತ್ತಿದ್ದರೆ ಹೊಸದನ್ನು ಇಳಿಸಿಕೊಳ್ಳಿ, ಅದೇ ಸುಲಭ.

ಪಕ್ಕದಲ್ಲಿ ವಿಂಡೋಸ್ ಕೂಡ ಇಟ್ಟುಕೊಂಡಿದ್ದರೆ ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ, ಕೆಲವು ವೈಫೈ ಕಾರ್ಡುಗಳು ಅರ್ಧ ನಿದ್ದೆಯಲ್ಲೇ ಲಿನಕ್ಸ್ ಕೈಗೆ ಬರುತ್ತವೆ.

14ಇ4 ಬಂತಾ? ಹಾಗಾದರೆ ಬ್ರಾಡ್‌ಕಾಮ್, ಹಳೇ ಯಂತ್ರಗಳಲ್ಲಿ ಹೆಚ್ಚು ಕಾಡುವುದು ಇದೇ. ಮಿಂಟ್‌ನಲ್ಲಿ 'ಡ್ರೈವರ್ ಮ್ಯಾನೇಜರ್', ಉಬುಂಟುನಲ್ಲಿ 'ಅಡಿಷನಲ್ ಡ್ರೈವರ್ಸ್' ತೆಗೆದು, ಅದು ತೋರಿಸಿದ ಡ್ರೈವರ್ ಆರಿಸಿ ಅಪ್ಲೈ ಕೊಡಿ. ಇಂಟರ್ನೆಟ್ಟೇ ಇಲ್ಲ ಅಂದರೂ ಮಿಂಟ್‌ನಲ್ಲಿ ದಾರಿ ಇದೆ. ನೀವು ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಚುಚ್ಚಿದರೆ ಅದರಿಂದಲೇ ಈ ಡ್ರೈವರ್ ತಗೊಳ್ಳುತ್ತದೆ. ಹಾಗಾಗಿ ಪೆನ್‌ಡ್ರೈವನ್ನು ತಕ್ಷಣ ಅಳಿಸಬೇಡಿ.

ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ: ಸೆಕ್ಯೂರ್ ಬೂಟ್, ಅಂದರೆ ನಂಬಿಕಸ್ಥ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಕಾವಲು. ಅದು ಆನ್ ಇದ್ದರೆ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಅದರಲ್ಲಿ 'ಎನ್‌ರೋಲ್ ಎಂಓಕೆ', ಆಮೇಲೆ 'ಕಂಟಿನ್ಯೂ', 'ಯೆಸ್' ಆರಿಸಿ ಆ ಪಾಸ್‌ವರ್ಡ್ ಹೊಡೆಯಬೇಕು. ಹೆಚ್ಚಿನವರು ನೀಲಿ ಪರದೆ ನೋಡಿ ಗಾಬರಿಯಾಗಿ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಆಗ ಡ್ರೈವರ್ ಇದ್ದೂ ಕರ್ನಲ್ ಅದನ್ನು ಒಳಗೆ ಬಿಡುವುದಿಲ್ಲ, 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಅನ್ನುತ್ತದೆ. ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ನಡೆಯುತ್ತದೆ, ಆದರೆ ವಿಂಡೋಸಿಗೆ ಬಿಟ್‌ಲಾಕರ್ (ಡಿಸ್ಕಿನ ಬೀಗ) ಹಾಕಿದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ.

ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಪರದೆ ಕಪ್ಪಾಗಿ ನಿಂತರೆ, ಗ್ರಬ್ ಮೆನುವಿನಲ್ಲಿ (ಯಂತ್ರ ಏಳುವಾಗ ಯಾವುದನ್ನು ಶುರು ಮಾಡಲಿ ಅಂತ ಕೇಳುವ ಪಟ್ಟಿ) ಇ ಕೀಲಿ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ನೋಮೋಡ್‌ಸೆಟ್ ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ ಮೇಲೆ ಡ್ರೈವರ್ ಮ್ಯಾನೇಜರಿನಲ್ಲಿ 'ರೆಕಮೆಂಡೆಡ್' ಅಂತ ಇರುವುದನ್ನೇ ಹಾಕಿ. ಎನ್‌ವಿಡಿಯಾ ಸೈಟಿನಿಂದ ಫೈಲ್ ತಂದು ಹಾಕಿದರೆ ಮುಂದೆ ಕರ್ನಲ್ ಬದಲಾದಾಗ ಮತ್ತೆ ಕಪ್ಪು ಪರದೆ ಬರಬಹುದು.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರುವವರಿಗೆ ಒಂದು ಮಾತು. ಘಟ್ಟದ ಮೇಲೆ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗುವುದಿಲ್ಲ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿರುತ್ತದೆ. ಡ್ರೈವರ್ ಹಾಕುವ ನಡುವೆ ಯಂತ್ರ ಆಫ್ ಆದರೆ ಪ್ಯಾಕೇಜ್ ಅರ್ಧಕ್ಕೆ ನಿಲ್ಲುತ್ತದೆ, ಆಮೇಲೆ ಬೇರೆ ಯಾವುದನ್ನೂ ಹಾಕಲು ಬಿಡುವುದಿಲ್ಲ. ಹೆದರಬೇಡಿ, ಮತ್ತೆ ಇನ್‌ಸ್ಟಾಲ್ ಮಾಡುವುದೂ ಬೇಡ. ಟರ್ಮಿನಲ್‌ನಲ್ಲಿ

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಅಂತ ಹೊಡೆದರೆ ನಿಂತಲ್ಲಿಂದ ಮುಂದುವರಿಸುತ್ತದೆ. ಇನ್ವರ್ಟರ್ ಇದ್ದರೆ ಅದರ ಸಾಲಿಗೇ ಪ್ಲಗ್ ಹಾಕಿ ಕೂರಿ.

ಯುಎಸ್‌ಬಿ ವೈಫೈ ಡಾಂಗಲ್ ಕೊಂಡವರಿಗೆ: ಕೆಲವು ಡಾಂಗಲ್ ಚುಚ್ಚಿದ ಕೂಡಲೇ ಒಂದು ಸಿಡಿ ಕಾಣುತ್ತದೆ. ವಿಂಡೋಸ್ ಡ್ರೈವರ್ ಅದರಲ್ಲಿಟ್ಟಿರುತ್ತಾರೆ. ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಅಂತ ಬಂದರೆ ಇದೇ. ಫೈಲ್ ಮ್ಯಾನೇಜರಿನಲ್ಲಿ ಆ ಸಿಡಿಯನ್ನು ಇಜೆಕ್ಟ್ ಮಾಡಿ, ಡಾಂಗಲ್ ತನ್ನ ನಿಜವಾದ ಸಂಖ್ಯೆಯಲ್ಲಿ ಎದ್ದು ಬರುತ್ತದೆ.

ಸೌಂಡ್ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಬದಲಿಗೆ 'ಡಮ್ಮಿ ಔಟ್‌ಪುಟ್' ಕಂಡರೆ, ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಎಸ್‌ಓಎಫ್ ಫರ್ಮ್‌ವೇರ್ ಬೇಕಿರುತ್ತದೆ. ಡೆಬಿಯನ್‌ನಲ್ಲಿ ಫರ್ಮ್‌ವೇರ್-ಎಸ್‌ಓಎಫ್-ಸೈನ್ಡ್ ಪ್ಯಾಕೇಜ್ ಹಾಕಿ.

ಕೊನೆಗೆ ಪ್ರಿಂಟರ್. ಕುಮಟಾ, ಹೊನ್ನಾವರದ ಝೆರಾಕ್ಸ್ ಅಂಗಡಿಯವರು ಕೇಳುವುದು ಇದನ್ನೇ. ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಧೈರ್ಯವಾಗಿ ಬನ್ನಿ. ಆ ಪ್ರಿಂಟರ್ ತನ್ನ ಫರ್ಮ್‌ವೇರನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರೇ ಕಳಿಸಬೇಕು. ಎಚ್‌ಪಿಲಿಪ್ (ಎಚ್‌ಪಿ ಪ್ರಿಂಟರುಗಳ ಲಿನಕ್ಸ್ ತಂತ್ರಾಂಶ) ಹಾಕಿ, ಎಚ್‌ಪಿ-ಪ್ಲಗಿನ್ ಓಡಿಸಿದರೆ ಆ ಫೈಲ್ ಇಳಿಯುತ್ತದೆ. ಎಚ್‌ಪಿಲಿಪ್ ಹೊಸ ಆವೃತ್ತಿಗೆ ಹೋದಾಗ ಪ್ಲಗಿನ್ನೂ ಅದೇ ಆವೃತ್ತಿಯದ್ದು ಬೇಕು, ಇಲ್ಲದಿದ್ದರೆ ನಿನ್ನೆ ಬಂದ ಪ್ರಿಂಟ್ ಇವತ್ತು ಬರುವುದಿಲ್ಲ. ಮತ್ತೊಮ್ಮೆ ಎಚ್‌ಪಿ-ಪ್ಲಗಿನ್ ಓಡಿಸಿ, ಅಷ್ಟೇ. ಕ್ಯಾನನ್ ಎಲ್‌ಬಿಪಿ2900 ಇದ್ದವರಿಗೆ ಮಾತ್ರ ಕಷ್ಟ ಜಾಸ್ತಿ. ಅದರ ಕ್ಯಾಪ್ಟ್ ಡ್ರೈವರ್ ಹಳೇ 32 ಬಿಟ್ ಲೈಬ್ರರಿಗಳನ್ನು ಕೇಳುತ್ತದೆ. ದಿನವಿಡೀ ಪ್ರಿಂಟ್ ತೆಗೆಯುವ ಅಂಗಡಿಯಲ್ಲಿ ಅದಕ್ಕೊಂದು ವಿಂಡೋಸ್ ಯಂತ್ರ ಉಳಿಸಿಕೊಳ್ಳುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಹೊಸ ಪ್ರಿಂಟರ್ ಕೊಳ್ಳುವವರು ಡಬ್ಬದ ಮೇಲೆ ಏರ್‌ಪ್ರಿಂಟ್ ಅಂತ ಇದೆಯಾ ನೋಡಿ ಕೊಳ್ಳಿ, ಅಂಥವು ಸಾಮಾನ್ಯವಾಗಿ ಡ್ರೈವರ್ ಇಲ್ಲದೇ ನೆಟ್‌ವರ್ಕ್ ಮೇಲೆ ನಡೆಯುತ್ತವೆ.

ಎಲ್ಲ ಸರಿಯಾದ ಮೇಲೆ ಮುಂದೊಂದು ದಿನ ಅಪ್‌ಡೇಟ್ ಆಗಿ ವೈಫೈ ಮತ್ತೆ ಮಾಯವಾದರೆ, ಗ್ರಬ್‌ನಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ. ಅದರಲ್ಲಿ ವೈಫೈ ಬಂದರೆ ಹೊಸ ಕರ್ನಲ್ಲಿನದೇ ತಕರಾರು, ಸರಿಯಾದ ಅಪ್‌ಡೇಟ್ ಬರುವವರೆಗೆ ಹಳೆಯದರಲ್ಲೇ ಕೆಲಸ ಮಾಡಿ. ಬರದಿದ್ದರೆ ಯಾರನ್ನಾದರೂ ಕೇಳಿ. ಕೇಳುವಾಗ ಎಲ್‌ಎಸ್‌ಪಿಸಿಐ ಕೊಟ್ಟ ಆ ಸಾಲುಗಳನ್ನೂ ಡಿಎಂಇಎಸ್‌ಜಿಯ ಫರ್ಮ್‌ವೇರ್ ಸಾಲನ್ನೂ ಫೋಟೋ ತೆಗೆದು ಕಳಿಸಿ.