ಥಂಡಿಯ ದಿನಗಳಲ್ಲಿ ದಿನಕ್ಕೊಂದು ಅಪರೂಪದ ಇಂಗ್ಲಿಷ್ ಪದ: ನನ್ನ ಅನುಭವ

ಇಂಗ್ಲಿಷಿನ ನಿತ್ಯಬಳಕೆಯ ಪದಗಳನ್ನು ಯಾರೂ ಕುಳಿತು ಕಲಿಯಬೇಕಾಗಿಲ್ಲ. ಓದುತ್ತ ಹೋದರೆ ಒಂದೇ ಪದ ಹಲವು ಕಡೆ ಎದುರಾಗಿ ತಾನಾಗಿಯೇ ಮನಸ್ಸಿನಲ್ಲಿ ನೆಲೆಯೂರುತ್ತದೆ. ಅಪರೂಪದ ಪದಗಳ ಸ್ವಭಾವ ಹಾಗಲ್ಲ. ಇಂದು ಕಂಡದ್ದು ಮತ್ತೆ ಕಣ್ಣಿಗೆ ಬೀಳುವಷ್ಟರಲ್ಲಿ ವರ್ಷವೇ ಉರುಳಿರುತ್ತದೆ, ಮೊದಲ ಸಲ ನಿಘಂಟು ತೆರೆದು ನೋಡಿದ್ದ ಅರ್ಥ ಆ ಹೊತ್ತಿಗೆ ಅಳಿಸಿಹೋಗಿರುತ್ತದೆ. ಅಂಥ ಪದ ಉಳಿಯಬೇಕೆಂದರೆ ಓದನ್ನಷ್ಟೇ ನೆಚ್ಚಿ ಕೂಡದೆ, ಅದಕ್ಕೆಂದೇ ಒಂದು ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ. ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿಯೇ ಓದಿ, ಈಗ ಕೊಪ್ಪಳದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿರುವ ನಾನು ಕೆಲವು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿ ದಿನಕ್ಕೊಂದರಂತೆ ಇಂಥ ಪದಗಳನ್ನು ಕಲಿಯುತ್ತ ಬಂದಿದ್ದೇನೆ. ಪರೀಕ್ಷೆಗಾಗಿ ಅಲ್ಲ, ನಾಲ್ಕು ಜನರ ಮುಂದೆ ಆಡಿ ತೋರಿಸುವುದಕ್ಕೂ ಅಲ್ಲ. ಇತಿಹಾಸ, ಕೃಷಿ, ಪಕ್ಷಿಗಳ ಕುರಿತ ಇಂಗ್ಲಿಷ್ ಬರಹಗಳನ್ನು ನಡುವೆ ಎಡವದೆ ಓದುವ ಸುಖಕ್ಕಾಗಿ.

ಚಳಿಗಾಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಸೀಮೆಯ ಬೇಸಿಗೆಯನ್ನು ಕಂಡವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ. ಏಪ್ರಿಲ್ ತಿಂಗಳಲ್ಲಿ ರಾತ್ರಿಯೆಲ್ಲ ಸೆಕೆಗೆ ಹೊರಳಾಡಿ ಎದ್ದವರಿಗೆ ಮುಂಜಾನೆ ನೀರು ತುಂಬಿಕೊಳ್ಳುವ ಚಿಂತೆಯೇ ದೊಡ್ಡದಾಗಿರುತ್ತದೆ. ಧನುರ್ಮಾಸದಲ್ಲಿ ಹಾಗಿಲ್ಲ. ಎದ್ದು, ಚಹಾ ಕುಡಿದು, ಬಿಸಿಲು ಅಂಗಳಕ್ಕೆ ಇಳಿಯಲೆಂದು ಕಾಯುವ ಅರ್ಧ ಗಂಟೆ ಯಾರ ಪಾಲಿಗೂ ಸೇರದೆ ಬಿಡುವಾಗಿ ಸಿಗುತ್ತದೆ. ಎರಡನೆಯ ಕಾರಣ ನನಗೆ ಇದಕ್ಕಿಂತ ಮುಖ್ಯವಾದುದು. ‘ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ’ ಎನ್ನುತ್ತೇವಲ್ಲ, ಹಾಗೆ ಕೊನೆಯ ದಿನ ಗೊತ್ತಿರುವ ಕೆಲಸವನ್ನು ಮನಸ್ಸು ಒಪ್ಪಿಕೊಂಡು ಮಾಡುತ್ತದೆ. ವರ್ಷವಿಡೀ ನಡೆಸುತ್ತೇನೆಂದು ಹೊರಟ ಅಭ್ಯಾಸಗಳು ಹೆಚ್ಚಾಗಿ ನಡುದಾರಿಯಲ್ಲಿ ನಿಲ್ಲುತ್ತವೆ; ದೀಪಾವಳಿಗೆ ಆರಂಭಿಸಿ ಶಿವರಾತ್ರಿಗೆ ನಿಲ್ಲಿಸುತ್ತೇನೆ ಎಂದುಕೊಂಡದ್ದು ನಿಲ್ಲದೆ ಸಾಗುತ್ತದೆ.

ಸಾಮಗ್ರಿಗೆ ಖರ್ಚಿಲ್ಲ. ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಅಂಗೈಯಗಲಕ್ಕೆ ಕತ್ತರಿಸಿ, ಖಾಲಿ ಇರುವ ಬದಿಯಲ್ಲಿ ಬರೆಯುತ್ತೇನೆ. ಮೇಲ್ಭಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪದ, ಅದರ ಕೆಳಗೆ ಕನ್ನಡ ಲಿಪಿಯಲ್ಲಿ ಉಚ್ಚಾರ, ಬಳಿಕ ನನ್ನದೇ ಮಾತಿನಲ್ಲಿ ಅರ್ಥ, ಕೊನೆಯ ಸಾಲಿನಲ್ಲಿ ಆ ಪದಕ್ಕೆ ಹೊಂದುವ, ನಾನು ಕಣ್ಣಾರೆ ಕಂಡ ಒಂದು ವಸ್ತು ಅಥವಾ ಸ್ಥಳ. ಈ ಕೊನೆಯ ಸಾಲೇ ಇಡೀ ಪದ್ಧತಿಯ ಜೀವಾಳ. ನಿಘಂಟಿನ ಅರ್ಥವನ್ನು ಎಷ್ಟು ಸಲ ಬರೆದರೂ ಮರೆಯಬಹುದು, ಕಂಡ ವಸ್ತುವಿಗೆ ಕಟ್ಟಿದ ಪದ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಆದ್ದರಿಂದ ಪದದಿಂದ ಹೊರಟು ವಸ್ತುವನ್ನು ಹುಡುಕುವ ಬದಲು, ಸಾಧ್ಯವಾದಾಗಲೆಲ್ಲ ವಸ್ತುವಿನಿಂದ ಹೊರಟು ಪದವನ್ನು ಹುಡುಕಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂಜಾನೆ ಗೋಡೆಗೆ ಬೆನ್ನು ಕೊಟ್ಟು ಎಳೆಬಿಸಿಲು ಕಾಯಿಸಿಕೊಳ್ಳುವುದು ನಮ್ಮೂರಿನ ಹಿರಿಯರ ನಿತ್ಯದ ಪರಿಪಾಠ. ಚಳಿಗಾಲದ ಬಿಸಿಲಿನ ಆ ಹಿತವಾದ ಕಾವಿಗೆ ಇಂಗ್ಲಿಷಿನಲ್ಲಿ ‘ಅಪ್ರಿಸಿಟಿ’ ಎಂಬ ಪದವಿದೆ. 1623ರಲ್ಲಿ ಹೆನ್ರಿ ಕಾಕರಮ್ ಎಂಬಾತ ಪ್ರಕಟಿಸಿದ ಇಂಗ್ಲಿಷ್ ನಿಘಂಟಿನಲ್ಲಿ ಅದು ದಾಖಲಾಗಿದೆ. ಬಿಸಿಲಿಗೆ ಒಡ್ಡಿದ್ದು ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಇದು ನಿಘಂಟುಗಳಿಂದ ಹೊರಗೆ ಬಳಕೆಗೆ ಬಂದದ್ದು ತೀರ ಕಡಿಮೆ. ಬಳಕೆಯಲ್ಲಿಲ್ಲದ ಪದವನ್ನು ಕಲಿತು ಪ್ರಯೋಜನವೇನೆಂದು ಕೇಳುವವರಿದ್ದಾರೆ. ನಾನು ಅದನ್ನು ಉಳಿಸಿಕೊಂಡಿದ್ದೇನೆ, ಏಕೆಂದರೆ ಪ್ರತಿ ಮುಂಜಾನೆ ಆ ಕಾವನ್ನು ನಾನು ಬಳಸುತ್ತೇನೆ. ಚಳಿಗಾಲಕ್ಕೆ ಸಂಬಂಧಿಸಿದ ಎಂಬ ಅರ್ಥದ ‘ಬ್ರೂಮಲ್’ ಮಾತ್ರ ನನಗೆ ಬಹಳ ದಿನ ಒಗ್ಗಲಿಲ್ಲ. ಅದರ ಮೂಲ ಹುಡುಕಿದಾಗ, ವರ್ಷದ ಅತಿ ಚಿಕ್ಕ ಹಗಲನ್ನು ಹೇಳುವ ಲ್ಯಾಟಿನ್ ಪದದಿಂದ ಅದು ಬಂದದ್ದು ತಿಳಿಯಿತು. ಡಿಸೆಂಬರ್ 21ರ ಆಸುಪಾಸಿನಲ್ಲಿ ಲಂಡನ್ನಿನ ಹಗಲು 8 ಗಂಟೆಗೂ ಕಡಿಮೆಯಿರುತ್ತದೆ. ಕೊಪ್ಪಳದಲ್ಲಿ ಆಗಲೂ 11 ಗಂಟೆಗೆ ಮೇಲೆಯೇ ಬೆಳಕಿರುತ್ತದೆ. ಅಲ್ಲಿನವರಿಗೆ ಚಳಿಗಾಲವೆಂದರೆ ಮೊದಲು ಕತ್ತಲೆ, ಆಮೇಲೆ ಥಂಡಿ ಎಂಬುದು ಮನಸ್ಸಿಗೆ ಹತ್ತಿದ ಮೇಲೆ ಪದವೂ ಹತ್ತಿತು.

ಈ ಕಾಲದಲ್ಲಿ ಹೊಲ ಮತ್ತು ಕಣ ಕೊಡುವಷ್ಟು ಪದಗಳನ್ನು ಬೇರೆ ಯಾವುದೂ ಕೊಡುವುದಿಲ್ಲ. ಗಂಗಾವತಿಯ ಕಡೆ ಭತ್ತದ ಕೊಯ್ಲು ಮುಗಿದಿರುತ್ತದೆ, ಯರಿ ಹೊಲಗಳಲ್ಲಿ ಹಿಂಗಾರಿ ಜೋಳ ಮತ್ತು ಕಡಲೆ ನಿಂತಿರುತ್ತವೆ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಕಾಳನ್ನು ಗಾಳಿಗೆ ತೂರುವುದು ‘ವಿನೋ’. ಗಾಳಿಯನ್ನು ಹೇಳುವ ‘ವಿಂಡ್’ ಎಂಬ ಪದದ ಬಳಗಕ್ಕೇ ಅದು ಸೇರಿದ್ದೆಂದು ತಿಳಿದಾಗ, ಮೊರ ಎತ್ತಿ ಹಿಡಿದು ಗಾಳಿ ಬೀಸುವುದನ್ನು ಕಾಯುತ್ತಿದ್ದ ನಮ್ಮ ಅಜ್ಜಿಯ ನಿಲುವೇ ಕಣ್ಣ ಮುಂದೆ ಬಂದಿತು. ಈಗ ಯಂತ್ರವೇ ರಾಶಿ ಮಾಡಿ ಕೊಡುತ್ತದೆ, ಆದರೂ ಆ ಪದಕ್ಕೆ ನನ್ನ ಕಾರ್ಡಿನಲ್ಲಿರುವುದು ಅಜ್ಜಿಯ ಮೊರವೇ. ಕೊಯ್ಲಿನ ನಂತರ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯುವುದು, ಅಂದರೆ ಹಕ್ಕಲಾಯುವುದು, ‘ಗ್ಲೀನ್’. ಇಂಗ್ಲಿಷ್ ಪತ್ರಿಕೆಗಳಲ್ಲಿ ಇದು ಮಾಹಿತಿಯನ್ನು ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಿಕೊಳ್ಳುವುದು ಎಂಬ ಅರ್ಥದಲ್ಲಿಯೇ ಹೆಚ್ಚಾಗಿ ಬರುತ್ತದೆ, ಹೊಲದ ಅರ್ಥ ಮೊದಲು ಗೊತ್ತಿದ್ದರೆ ಎರಡನೆಯದು ತಾನೇ ಬಿಚ್ಚಿಕೊಳ್ಳುತ್ತದೆ. ಶೇಂಗಾ ಬಿಡಿಸಿಕೊಂಡ ಮೇಲೆ ದನಗಳಿಗೆ ಹಾಕುವ ಒಣಬಳ್ಳಿ ‘ಹಾಮ್’. ಕೃಷಿ ಪ್ರಕಟಣೆಗಳಲ್ಲಿ ಮೇವಿನ ವಿಷಯ ಬಂದಲ್ಲಿ ಈ ಪದ ತಪ್ಪದೆ ಸಿಗುತ್ತದೆ. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲಿಯೂ ಓಡಾಡುವ ‘ಜಿನ್ನಿಂಗ್’ ಎಂಬುದರೊಳಗಿನ ‘ಜಿನ್’ ಎಂಜಿನ್ ಎಂಬುದರ ಮೊಟಕು ರೂಪ. ದಿನಾ ಆಡುವ ಮಾತಿನ ಮೂಲ ಗೊತ್ತಾದದ್ದೂ ನನಗೆ ಹೊಸ ಪದ ಸಿಕ್ಕಷ್ಟೇ ಸಂತೋಷ ಕೊಟ್ಟಿತು.

ಒಂದು ಪದದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಮಂಗೋಲಿಯಾ ಮತ್ತು ಟಿಬೆಟ್ಟಿನ ಕಡೆ ಮರಿ ಮಾಡುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ನಮ್ಮ ಕಡೆಯ ಕೆರೆಗಳಿಗೂ ತುಂಗಭದ್ರೆಯ ಹಿನ್ನೀರಿಗೂ ಬರುತ್ತವೆ. ಅವು ಆಕಾಶದಲ್ಲಿ ಸಾಲುಗಟ್ಟಿ ಹಾರುವಾಗ ಆ ಸಾಲಿಗೆ ‘ಸ್ಕೇನ್’ ಎಂದೂ, ನೆಲದ ಮೇಲೆ ಗುಂಪಾಗಿ ಕುಳಿತಾಗ ‘ಗ್ಯಾಗಲ್’ ಎಂದೂ ಹೆಸರು. ಇದೇ ‘ಸ್ಕೇನ್’ಗೆ ಸುತ್ತಿ ಇಟ್ಟ ನೂಲು ಎಂಬ ಇನ್ನೊಂದು ಅರ್ಥವಿದೆ. ಅದನ್ನು ಬರೆಯುವಾಗ ಯಾವ ಕನ್ನಡ ಪದ ಹಾಕಬೇಕೆಂಬುದು ತೋಚದೆ, ಭಾಗ್ಯನಗರದಲ್ಲಿ ಮಗ್ಗ ಇಟ್ಟುಕೊಂಡಿರುವ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಿದ್ದಾಗ ಅವಳ ತಾಯಿಯನ್ನು ಕೇಳಿದೆ. ಗೂಟಕ್ಕೆ ನೇತುಹಾಕಿದ್ದ, ನಡುವೆ ಒಂದೆಳೆಯಿಂದ ಕಟ್ಟಿದ್ದ ಬಣ್ಣದ ನೂಲಿನ ಕಟ್ಟನ್ನು ಅವರು ಕೈಗೆ ಕೊಟ್ಟು, “ಅಕ್ಕೋರ, ಇದಕ್ಕ ನಾವು ಲಡಿ ಅಂತೀವ್ರಿ. ಬಿಚ್ಚೂಮುಂದ ಎಳಿ ಎಲ್ಲಿಂದ ಹೊಂಟೈತಿ ನೋಡ್ಕೋಬೇಕ್ರಿ, ಇಲ್ಲಂದ್ರ ಸಿಕ್ಕ ಆಗತೈತಿ” ಎಂದರು. ಕೈಯಲ್ಲಿ ಆ ಲಡಿ ಹಗುರವಾಗಿ, ಸಡಿಲವಾಗಿ ಜೋತಾಡುತ್ತಿತ್ತು. ಹೆಬ್ಬಾತುಗಳ ಸಾಲಿಗೂ ಅದೇ ಹೆಸರು ಸಲ್ಲುವುದು ಏಕೆಂಬುದಕ್ಕೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮೇಲೆ ಹೋಗುವ ಆ ಸಾಲು ಒಮ್ಮೆ ಬಿಗಿದು ಒಮ್ಮೆ ಸಡಿಲಾಗುವುದನ್ನು ನೋಡಿದವರು ಒಪ್ಪುತ್ತಾರೆ.

ನಮ್ಮ ನೆಲದ ಮೇಲೆಯೇ ಇಂಗ್ಲಿಷ್ ನಿಘಂಟಿನ ಪದಗಳು ಕುಳಿತಿವೆ ಎಂಬುದು ನನಗೆ ಪಾಠ ಮಾಡುತ್ತಲೇ ಹೊಳೆದದ್ದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿಗೆ ಇತಿಹಾಸದ ಪುಸ್ತಕಗಳಲ್ಲಿ ರಾಯಚೂರು ದೋಆಬ್ ಎಂದು ಹೆಸರು; ಪಾರಸಿಯಲ್ಲಿ ಎರಡು ನೀರು ಎಂಬರ್ಥದ ಆ ಪದವನ್ನು ಇಂಗ್ಲಿಷ್ ಹಾಗೆಯೇ ತೆಗೆದುಕೊಂಡಿದೆ. 1520ರ ರಾಯಚೂರು ಯುದ್ಧವನ್ನು ಮಕ್ಕಳಿಗೆ ಹೇಳುವಾಗಲೆಲ್ಲ ಅದು ಬರುತ್ತಿತ್ತು, ಆದರೆ ಅದು ಇಂಗ್ಲಿಷ್ ನಿಘಂಟಿನಲ್ಲಿಯೂ ಇದೆಯೆಂದು ನಾನು ಹುಡುಕಿರಲಿಲ್ಲ. ಆನೆಗೊಂದಿಯ ಹರಿಗೋಲಿಗೆ ‘ಕೊರಕಲ್’ ಎನ್ನುತ್ತಾರೆ, ಅದು ವೇಲ್ಸ್ ದೇಶದ ಭಾಷೆಯಿಂದ ಬಂದದ್ದು. ಅಲ್ಲಿಯ ನದಿಗಳಲ್ಲಿಯೂ ಚರ್ಮ ಹೊದಿಸಿದ ಇಂಥ ದೋಣಿಗಳಿದ್ದವು. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಸಹ ಇಲ್ಲಿ ಬುಟ್ಟಿಯಂತೆ ದುಂಡಗಿದ್ದ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಬೆಟ್ಟದ ನೆತ್ತಿಯ ಮೇಲೆ ಒಂದರ ಮೇಲೊಂದು ನಿಂತ ಬಂಡೆಗಳ ರಾಶಿಗೆ ‘ಟಾರ್’ ಎಂದು ಹೆಸರು. ಅಶೋಕನ ಶಾಸನವಿರುವ ನಮ್ಮ ಪಾಲ್ಕಿಗುಂಡನ್ನು ನೋಡಿದವರಿಗೆ ಆ ಪದದ ಚಿತ್ರ ಬೇರೆ ಬೇಕಿಲ್ಲ. ಬಯಲಿನ ನಡುವೆ ಒಂಟಿಯಾಗಿ ಎದ್ದ ಕಲ್ಲುಗುಡ್ಡಕ್ಕಿರುವ ‘ಇನ್ಸೆಲ್‌ಬರ್ಗ್’ ಜರ್ಮನ್ ಭಾಷೆಯದು, ದ್ವೀಪ ಮತ್ತು ಬೆಟ್ಟ ಎಂಬ ಎರಡು ಪದಗಳು ಕೂಡಿ ಆದದ್ದು. ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕುಳಿತರೆ ಅದಕ್ಕೆ ಬೇಕಾದಷ್ಟು ಉದಾಹರಣೆಗಳು ಸಿಗುತ್ತವೆ.

ಉಚ್ಚಾರದ ವಿಷಯದಲ್ಲಿ ಕನ್ನಡ ಲಿಪಿ ನಮಗಿರುವ ದೊಡ್ಡ ಅನುಕೂಲ. ಇಂಗ್ಲಿಷಿನ ಬರಹ ಒಂದು, ನುಡಿ ಇನ್ನೊಂದು. ಮೇಲೆ ಹೇಳಿದ ‘ಹಾಮ್’ ಪದದ ಬರಹದಲ್ಲಿ ಎಲ್ ಅಕ್ಷರವಿದೆ, ಬಾಯಲ್ಲಿ ಇಲ್ಲ. ಮರದ ಎಲೆಗಳಲ್ಲಿ ಗಾಳಿ ಪಿಸುಗುಡುವ ಸದ್ದಿಗೆ ಗ್ರೀಕ್ ಮೂಲದ ‘ಸಿಥುರಿಸಂ’ ಎಂಬ ಪದವಿದೆ. ನಮ್ಮ ಶಾಲೆಯ ಮುಂದಿನ ಅರಳಿಮರದ ಕೆಳಗೆ ನಿಂತು ನಾನು ಅದನ್ನು ಕಲಿತೆ. ಅದರ ಬರಹ ಸೈಕಾಲಜಿಯಂತೆ ಪಿ ಅಕ್ಷರದಿಂದ ಮೊದಲಾಗುತ್ತದೆ, ಅದನ್ನು ನುಡಿಯಬಾರದು. ಮೊಬೈಲಿನ ನಿಘಂಟಿನಲ್ಲಿ ಧ್ವನಿಯನ್ನು ಕೇಳಿ ಕನ್ನಡದಲ್ಲಿ ಬರೆದುಕೊಂಡರೆ ದೀರ್ಘ, ಹ್ರಸ್ವಗಳು ಸರಿಯಾಗಿ ಉಳಿಯುತ್ತವೆ. ಆದರೆ ಕನ್ನಡದಲ್ಲಿ ಬರೆದುಕೊಳ್ಳಲು ಬಾರದ ಒಂದು ಸಂಗತಿಯಿದೆ, ಅದು ಒತ್ತು. ‘ಅಪ್ರಿಸಿಟಿ’ಯಲ್ಲಿ ಒತ್ತು ಬೀಳುವುದು ಎರಡನೆಯ ಅಕ್ಷರದ ಮೇಲೆ, ನಾವು ಎಲ್ಲವನ್ನೂ ಸಮವಾಗಿ ಅಥವಾ ಮೊದಲನೆಯದನ್ನೇ ಒತ್ತಿ ಹೇಳುತ್ತೇವೆ. ಅದಕ್ಕಾಗಿ ಒತ್ತು ಬೀಳುವ ಅಕ್ಷರದ ನೆತ್ತಿಯ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುತ್ತೇನೆ.

ಬರೆದ ಕಾರ್ಡನ್ನು ಮತ್ತೆ ನೋಡುವ ದಿನಗಳಿಗೂ ಒಂದು ಲೆಕ್ಕವಿರಬೇಕು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಮೊದಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಆಗುತ್ತದೆಂದು 1885ರಲ್ಲಿ ತೋರಿಸಿದನು. ಅದೇ ದೇಶದ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಕಾರ್ಡುಗಳ ಪೆಟ್ಟಿಗೆಯ ಪದ್ಧತಿಯನ್ನು ವಿವರಿಸಿದನು. ನಾನು ಅನುಸರಿಸುವುದು ಅದರದೇ ಸರಳ ರೂಪ. ಚಪ್ಪಲಿಯ ಪೆಟ್ಟಿಗೆಯೊಂದರಲ್ಲಿ ರಟ್ಟಿನಿಂದ ಮೂರು ಖಾನೆ ಮಾಡಿದ್ದೇನೆ. ಮೊದಲ ಖಾನೆಯ ಕಾರ್ಡುಗಳನ್ನು ದಿನಾಲೂ, ಎರಡನೆಯದನ್ನು ಸೋಮವಾರ ಮತ್ತು ಗುರುವಾರ, ಮೂರನೆಯದನ್ನು ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ತೆಗೆಯುತ್ತೇನೆ. ಅರ್ಥ ಹೇಳಲು ಬಂದ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ, ಬಾರದ್ದು ಮೊದಲಿನದಕ್ಕೇ ಮರಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಲೆಕ್ಕ ಮನೆಯಲ್ಲಿ ಹೇಗೂ ಇರುವುದರಿಂದ ಕ್ಯಾಲೆಂಡರಿನಲ್ಲಿ ಬೇರೆ ಗುರುತು ಬೇಕಾಗುವುದಿಲ್ಲ.

ಈ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ ಎಂಬುದೂ ನನಗೆ ಹುರುಪು ಕೊಡುವ ಸಂಗತಿ. ಲಂಡನ್ ಮಿಷನ್ನಿನ ಕೇಂದ್ರವಾಗಿದ್ದ ಬಳ್ಳಾರಿಯಲ್ಲಿ ಕೆಲಸ ಮಾಡಿದ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಮದ್ರಾಸಿನಲ್ಲಿ ಅಚ್ಚಾದವು. ಕಿಟೆಲ್ಲರ ನಿಘಂಟು ಬಂದದ್ದು 1894ರಲ್ಲಿ. ಎರಡು ಭಾಷೆಗಳ ಪದಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಬಳ್ಳಾರಿಯ ಬಿಸಿಲಿನಲ್ಲಿ ಅಷ್ಟು ಹಿಂದೆಯೇ ನಡೆದಿತ್ತು.

ಹೊಸದಾಗಿ ಆರಂಭಿಸುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮೊಬೈಲಿನಲ್ಲಿ ಹರಿದಾಡುವ ಸುಂದರ ಪದಗಳ ಪಟ್ಟಿಗಳಲ್ಲಿ ಯಾರೋ ಇತ್ತೀಚೆಗೆ ಕಟ್ಟಿದ, ಯಾವ ನಿಘಂಟಿನಲ್ಲಿಯೂ ಇಲ್ಲದ ಪದಗಳು ಸೇರಿರುತ್ತವೆ. ಒಳ್ಳೆಯ ನಿಘಂಟುಗಳಲ್ಲಿ ಕನಿಷ್ಠ ಎರಡರಲ್ಲಿ ಕಾಣದ ಪದವನ್ನು ನಾನು ಕಾರ್ಡಿಗೆ ಏರಿಸುವುದಿಲ್ಲ. ಹೊಸದಾಗಿ ಕಟ್ಟಿದ್ದೆಲ್ಲ ಕೂಡದೆಂದು ಇದರ ಅರ್ಥವಲ್ಲ. ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಗಿರುವ ‘ಪೆಟ್ರಿಕೋರ್’ ಪದವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಕಟ್ಟಿದರು, ಇಂದು ಅದು ನಿಘಂಟುಗಳಲ್ಲಿ ನೆಲೆ ನಿಂತಿದೆ. ಅದನ್ನು ನಾನು ಚಳಿಗಾಲದ ಪಟ್ಟಿಯಿಂದ ತೆಗೆದು ರೋಹಿಣಿ ಮಳೆಗೆಂದು ಬೇರೆ ಇಟ್ಟಿದ್ದೇನೆ.

ಹಿಮಕ್ಕೆ ಸಂಬಂಧಿಸಿದ ಪದಗಳು ನನ್ನಲ್ಲಿ ನಿಲ್ಲಲಿಲ್ಲ. ಹೆಪ್ಪುಗಟ್ಟಿದ ಇಬ್ಬನಿಯನ್ನು ಹೇಳುವ ‘ರೈಮ್’, ‘ಹೋರ್‌ಫ್ರಾಸ್ಟ್’ ಮೊದಲಾದವು ಮೊದಲ ಖಾನೆಗೇ ಮರಳಿ ಮರಳಿ ಬರುತ್ತಿದ್ದವು. ಕೊನೆಯ ಸಾಲಿನಲ್ಲಿ ಬರೆಯಲು ನನಗೆ ಕಂಡ ವಸ್ತುವೇ ಇರಲಿಲ್ಲ. ಅವುಗಳನ್ನು ಈಗ ಪೆಟ್ಟಿಗೆಯಿಂದ ತೆಗೆದು ಬೇರೆ ಕಟ್ಟಿ ಇಟ್ಟಿದ್ದೇನೆ, ಅವುಗಳ ಜಾಗದಲ್ಲಿ ಈ ಸಲ ಹತ್ತಿ ಮತ್ತು ಮಗ್ಗಕ್ಕೆ ಸಂಬಂಧಿಸಿದ ಪದಗಳನ್ನು ಸೇರಿಸುತ್ತಿದ್ದೇನೆ. ಶಿವರಾತ್ರಿ ಕಳೆದ ಮೇಲೆ ಹೊಸ ಕಾರ್ಡು ಬರೆಯುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಮೂರನೆಯ ಖಾನೆಯನ್ನು ತೆಗೆದು ನೋಡುವುದು ಮಾತ್ರ ಮುಂದಿನ ದೀಪಾವಳಿಯವರೆಗೂ ನಡೆಯುತ್ತದೆ.