ರಬ್ಬರ್ ಕಾಂಕ್ರೀಟ್ ಕಂಪನವನ್ನು ಎಷ್ಟು ನುಂಗುತ್ತದೆ? ಎರಕ ಹೊಯ್ದು, ತಟ್ಟಿ, ಅಳೆಯುವ ಬಗೆ

ಹಳೇ ಟೈರಿನ ಪುಡಿ ಬೆರೆಸಿದ ಕಾಂಕ್ರೀಟಿನಲ್ಲಿ ಕಂಪನ ಬೇಗ ಅಡಗುತ್ತದೆ. ರಬ್ಬರ್ ಕಣ ಹಿಸುಕಿ ಬಿಟ್ಟಂತಾದಾಗಲೆಲ್ಲ ಒಂದಿಷ್ಟು ಶಕ್ತಿ ಶಾಖವಾಗಿ ಕಳೆಯುತ್ತದೆ. ಕಣಕ್ಕೂ ಸಿಮೆಂಟಿಗೂ ನಡುವಿನ ಸಡಿಲ ಅಂಚಿನ ಉಜ್ಜಾಟದಲ್ಲಿ ಇನ್ನಿಷ್ಟು. ಅದೇ ಸಡಿಲ ಅಂಚು ಬಲವನ್ನೂ ತಗ್ಗಿಸುತ್ತದೆ. ಹಾಗಾಗಿ ಕಂಬ, ತೊಲೆಗಳಿಗೆ ಇದು ಬೇಡ.

100×100×500 ಮಿ.ಮೀ. ಅಚ್ಚು ಒಂದಕ್ಕೆ 5 ಲೀಟರ್ ಹಿಡಿಯುತ್ತದೆ. ಮೂರು ತುಂಡಿಗೆ 20 ಲೀಟರ್ ಕಲಸಿ: ಸಿಮೆಂಟ್ 7.6 ಕೆ.ಜಿ., ನೀರು 3.6 ಲೀಟರ್, ಎಂ-ಸ್ಯಾಂಡ್ 14 ಕೆ.ಜಿ., 12 ಮಿ.ಮೀ. ಜಲ್ಲಿ 22 ಕೆ.ಜಿ. ಮರಳು, ಜಲ್ಲಿ ಎರಡನ್ನೂ ಹಿಂದಿನ ರಾತ್ರಿ ನೆನೆಸಿ, ಮೈಮೇಲಿನ ನೀರು ಆರಿದ ಮೇಲೆ ತೂಗಿ. ಇದು ಬರೀ ಕಾಂಕ್ರೀಟ್. ಹೋಲಿಸಲು ಇದರ ಮೂರು ತುಂಡು ಬೇಕೇ ಬೇಕು.

ಎರಡನೇ ಕಲಸಿಗೆ ಮರಳಿನ ಶೇ. 15ನ್ನು ತೆಗೆದು ಅಷ್ಟೇ ಗಾತ್ರದ ರಬ್ಬರ್ ಹಾಕಬೇಕು. ಹೆಚ್ಚಿನವರು ಎಡವುವುದು ಇಲ್ಲೇ. 2.1 ಕೆ.ಜಿ. ಮರಳು ತೆಗೆದು 2.1 ಕೆ.ಜಿ. ರಬ್ಬರ್ ಸುರಿದರೆ ಗಾತ್ರ ಎರಡು ಪಟ್ಟು ಮೀರುತ್ತದೆ. ಮರಳಿನ ಸಾಂದ್ರತೆ ಲೀಟರಿಗೆ 2.65 ಕೆ.ಜಿ., ರಬ್ಬರಿನದು ಸುಮಾರು 1.15; ಲೆಕ್ಕಕ್ಕೆ ಬರುವುದು 0.9 ಕೆ.ಜಿ. ಮಾತ್ರ. 1ರಿಂದ 4 ಮಿ.ಮೀ. ಪುಡಿ ಆರಿಸಿ, ಅಯಸ್ಕಾಂತ ಆಡಿಸಿ ತಂತಿ ಚೂರು ತೆಗೆದು, ಧೂಳು ಹೋಗುವಂತೆ ತೊಳೆದು ಒಣಗಿಸಿ. ಮೊದಲು ಸ್ವಲ್ಪ ಸಿಮೆಂಟ್ ನೀರಿನಲ್ಲಿ ಹೊರಳಿಸಿದರೆ ಹಿಡಿತ ಸುಧಾರಿಸುತ್ತದೆ. ಆ ಸಿಮೆಂಟನ್ನೂ ನೀರನ್ನೂ ಒಟ್ಟು ಲೆಕ್ಕದಿಂದಲೇ ತೆಗೆದುಕೊಳ್ಳಿ.

ವೈಬ್ರೇಟರ್ ಹೆಚ್ಚು ಹೊತ್ತು ಹಿಡಿದರೆ ರಬ್ಬರ್ ತೇಲಿ ಮೇಲೆ ಬರುತ್ತದೆ. ಎರಡು ಪದರ ಹಾಕಿ, ಸರಳಿನಿಂದ ಕುಟ್ಟಿದರೆ ಸಾಕು. 28 ದಿನ ನೀರಿನಲ್ಲಿಟ್ಟು, ನಂತರ ಎಲ್ಲ ತುಂಡುಗಳನ್ನೂ ಒಂದೇ ನೆರಳಿನಲ್ಲಿ ಒಂದೇ ಅವಧಿ ಆರಿಸಿ. ಒದ್ದೆ ತುಂಡು ಕಂಪನವನ್ನು ಹೆಚ್ಚು ನುಂಗುವುದರಿಂದ, ಆರದಿದ್ದರೆ ಹೋಲಿಕೆ ಕೆಡುತ್ತದೆ.

ಅಳೆಯಲು ತುಂಡಿನ ಎರಡೂ ತುದಿಯಿಂದ 112 ಮಿ.ಮೀ. ಒಳಗೆ ಸ್ಪಾಂಜ್ ಪಟ್ಟಿ ಇಡಿ. ಮೊದಲ ಬಾಗು ಕಂಪನದಲ್ಲಿ ಅಲುಗದ ಜಾಗ ಅದೇ. ನಡುವೆ ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿ, ತುದಿಯ ಬಳಿ ಫೋನಿನ ಮೈಕಿನಲ್ಲಿ ಧ್ವನಿ ಹಿಡಿಯಿರಿ. ಫೋನಿನ ಅಲುಗಾಟ ಅಳೆಯುವ ಆಕ್ಸಿಲರೋಮೀಟರ್ ಆ್ಯಪ್ ನೆಚ್ಚಬೇಡಿ: ಬರೀ ಕಾಂಕ್ರೀಟಿನ ತುಂಡು 1,300 ಹರ್ಟ್ಸ್ ಆಸುಪಾಸಿನಲ್ಲಿ ಮಿಡಿಯುತ್ತದೆ, ಫೋನಿನ ಸಂವೇದಕ ಸೆಕೆಂಡಿಗೆ ಕೆಲವು ನೂರು ಸಲವಷ್ಟೇ ಓದುತ್ತದೆ. ಮೈಕಿಗೆ ಅದು ಸುಲಭ.

ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಅಲೆ ತೆರೆದು, ತಟ್ಟಿದ ಸದ್ದಿನ ಮೊದಲ ಕೆಲವು ಅಲೆ ಬಿಟ್ಟು, ಒಂದು ಶಿಖರದ ಎತ್ತರವನ್ನು ಹತ್ತು ಅಲೆ ನಂತರದ ಶಿಖರದಿಂದ ಭಾಗಿಸಿ. ಸ್ವಾಭಾವಿಕ ಲಾಗ್ ತೆಗೆದು 10ರಿಂದ, ಮತ್ತೆ 6.28ರಿಂದ (2π) ಭಾಗಿಸಿ. ಬರುವುದು ಡ್ಯಾಂಪಿಂಗ್ ಅನುಪಾತ; ಅದು ಹೆಚ್ಚಿದಷ್ಟೂ ಕಂಪನ ಬೇಗ ಅಡಗುತ್ತದೆ. ಎತ್ತರ ಅರ್ಧಕ್ಕಿಳಿದಿದ್ದರೆ: 0.693 ÷ 10 ÷ 6.28 = 0.011, ಅಂದರೆ ಶೇ. 1.1. ಪ್ರತಿ ತುಂಡಿಗೆ ಐದು ಸಲ ತಟ್ಟಿ ಸರಾಸರಿ ಹಿಡಿಯಿರಿ. ಕೊನೆಗೆ ಒಂದನ್ನು ಮುರಿದು ನೋಡಿ. ಕಪ್ಪು ಚುಕ್ಕಿಗಳು ಮೇಲ್ಭಾಗದಲ್ಲೇ ಗುಂಪಾಗಿದ್ದರೆ ಆ ಎರಕದ ಅಂಕಿ ಬಿಡಿ.

ಬಂದ ಅಂಕಿ ನೋಡಿ ಮೋಟಾರ್ ಪಂಪಿನ ಕಟ್ಟೆಗೂ ಇದನ್ನೇ ಹೊಯ್ಯುವ ಆಸೆ ಹುಟ್ಟಬಹುದು. 1,440 ಆರ್‌ಪಿಎಂ ಪಂಪಿನ ಅಲುಗಾಟ 24 ಹರ್ಟ್ಸ್. ಆ ವೇಗದಲ್ಲಿ ಕಟ್ಟೆ ಬಾಗದೆ ಇಡಿಯಾಗಿ ಕುಣಿಯುತ್ತದೆ. ಬಾಗದಿದ್ದರೆ ಒಳಗಿನ ರಬ್ಬರಿಗೆ ಕೆಲಸವಿಲ್ಲ. ಅಲ್ಲಿ ಬೇಕಾದದ್ದು ಪಂಪಿನ ತೂಕಕ್ಕೆ ಹೊಂದುವ ರಬ್ಬರ್ ಪ್ಯಾಡ್.